ಕಬ್ಬಿಣಕ್ಕೂ ಕಾಗದಕ್ಕೂ ಒಂದೇ ಕಲ್ಲು

ಭದ್ರಾವತಿ ಎಂದರೆ ಕಬ್ಬಿಣ ಮತ್ತು ಕಾಗದ. ಬೆಂಕಿಪುರ ಎಂಬ ಹಳೆಯ ಊರು ಕೈಗಾರಿಕೆಯ ಪಟ್ಟಣವಾದದ್ದು ಈ ಎರಡರಿಂದಲೇ. ಕಬ್ಬಿಣದ ಮಾತು ಬಂದರೆ ಕೆಮ್ಮಣ್ಣುಗುಂಡಿಯ ಅದಿರನ್ನು ನೆನೆಯುತ್ತೇವೆ, ಕಾಗದದ ಮಾತು ಬಂದರೆ ಮಲೆನಾಡಿನ ಬಿದಿರನ್ನು. ಆದರೆ ಎರಡೂ ಕಾರ್ಖಾನೆಗಳಿಗೆ ಬೇಕಾಗಿದ್ದ ಮೂರನೆಯ ಸರಕೊಂದಿದೆ. ಅದಿಲ್ಲದೆ ಅದಿರು ಶುದ್ಧ ಕಬ್ಬಿಣವಾಗುತ್ತಿರಲಿಲ್ಲ, ಬಿದಿರು ಕಡಿಮೆ ಖರ್ಚಿನಲ್ಲಿ ಕಾಗದವಾಗುತ್ತಿರಲಿಲ್ಲ. ಅದರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಸುಣ್ಣಕಲ್ಲು. ಇವತ್ತು ಅದರ ವಿಷಯ ಮಾತಾಡುತ್ತೇನೆ.

ಸುಣ್ಣಕಲ್ಲಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಸಮುದ್ರದ ಚಿಪ್ಪು, ಕೋಳಿಮೊಟ್ಟೆಯ ಸಿಪ್ಪೆ, ಅಮೃತಶಿಲೆ ಎಲ್ಲದರಲ್ಲೂ ಇರುವುದು ಇದೇ ವಸ್ತು. ನಮ್ಮ ಸೀಮೆಗೆ ಇದು ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಭದಿಗುಂಡದಲ್ಲಿ ಸ್ವಂತ ಸುಣ್ಣಕಲ್ಲಿನ ಗಣಿಯಿತ್ತು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಕುಂಸಿ ಸಿಗುತ್ತದಲ್ಲ, ಅಲ್ಲಿನ ಶಿಲೆಯಲ್ಲಿ ಬಹು ಪುರಾತನ ಸೂಕ್ಷ್ಮಜೀವಿಗಳು ಬಿಟ್ಟುಹೋದ ಅಲೆಅಲೆಯಾದ ಪದರಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. 250 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಈ ಕಲ್ಲಿನ ಗುಣ ಒಂದನ್ನು ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನೂರು ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲು, ಸುಟ್ಟ ಸುಣ್ಣ, ಅರಳಿದ ಸುಣ್ಣ, ಮತ್ತೆ ಕಲ್ಲು. ದೊಡ್ಡ ದೊಡ್ಡ ಕಾರ್ಖಾನೆಗಳು ಈ ಸುತ್ತಿನ ಯಾವುದೋ ಒಂದು ಕಡೆಯಲ್ಲಿ ಕೈಹಾಕಿ ತಮಗೆ ಬೇಕಾದ ಕೆಲಸ ಮಾಡಿಸಿಕೊಳ್ಳುತ್ತವೆ, ಅಷ್ಟೇ.

ಮೊದಲು ಕಬ್ಬಿಣ. 1918ರಲ್ಲಿ ಮೈಸೂರು ಸರ್ಕಾರ ಈ ಕಾರ್ಖಾನೆಗೆ ಕೈಹಾಕಿದಾಗ ಅದರ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರ ಬಟ್ಟಿ ಇಳಿಸುವ ಕೆಲಸವೂ ಸೇರಿತ್ತು. ಕುಲುಮೆಗೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲನ್ನು ಬಳಸುವ ಯೋಜನೆ ಅದು. ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಆವಿಯಾಗಿ ಹೋಗುವುದರಲ್ಲಿ ಟಾರು, ಮರದ ಮದ್ಯಸಾರ, ಅಸೆಟಿಕ್ ಆಮ್ಲ ಇರುತ್ತವೆ. ಆ ಆಮ್ಲವನ್ನು ಹಿಡಿದಿಡಲು ಬಳಸುತ್ತಿದ್ದದ್ದು ಸುಣ್ಣವನ್ನೇ. ಆಮ್ಲ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಅಸಿಟೇಟ್ ಎಂಬ ಬೂದುಬಣ್ಣದ ಒಣಪುಡಿಯಾಗುತ್ತದೆ. ಚೀಲಕ್ಕೆ ತುಂಬಿ ಮಾರಬಹುದಾದ ಸರಕು ಅದು. 1923ರಲ್ಲಿ ಊದುಕುಲುಮೆಯಿಂದ ಕಬ್ಬಿಣ ಹರಿಯತೊಡಗಿತು. ಅದಕ್ಕೂ ಬೇಕಾದದ್ದು ಇದೇ ಕಲ್ಲು.

ಯಾಕೆ ಬೇಕು? ಅದಿರಿನಲ್ಲಿ ಕಬ್ಬಿಣ ಒಂದೇ ಇರುವುದಿಲ್ಲ, ಮರಳಿನ ಅಂಶವೂ ಇರುತ್ತದೆ. ರಸಾಯನಶಾಸ್ತ್ರದಲ್ಲಿ ಅದನ್ನು ಸಿಲಿಕಾ ಎನ್ನುತ್ತೇವೆ. ಕಬ್ಬಿಣ ಕರಗುವ ಶಾಖದಲ್ಲಿ ಸಿಲಿಕಾ ತಾನಾಗಿ ಕರಗುವುದಿಲ್ಲ, ಕುಲುಮೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅದಿರು, ಇದ್ದಿಲಿನ ಜೊತೆಗೆ ಮೇಲಿನಿಂದ ಸುಣ್ಣಕಲ್ಲನ್ನೂ ಹಾಕಿದರೆ ಅದು ಕೆಳಗಿಳಿಯುತ್ತಾ ಸುಟ್ಟು ಸುಣ್ಣವಾಗುತ್ತದೆ, ಸಿಲಿಕಾವನ್ನು ಹಿಡಿದು ಕ್ಯಾಲ್ಸಿಯಂ ಸಿಲಿಕೇಟ್ ಆಗಿ ತಾನೂ ಕರಗಿ ನೀರಾಗುತ್ತದೆ. ಇದೇ ಕಿಟ್ಟ, ಕಾರ್ಖಾನೆಯವರ ಬಾಯಲ್ಲಿ ಸ್ಲ್ಯಾಗ್. ಕಬ್ಬಿಣಕ್ಕಿಂತ ಹಗುರ, ಹಾಗಾಗಿ ಮೇಲೆ ತೇಲುತ್ತದೆ. ಒಂದು ಕಂಡಿಯಿಂದ ಕಿಟ್ಟವನ್ನೂ ಅದಕ್ಕಿಂತ ಕೆಳಗಿನ ಕಂಡಿಯಿಂದ ಕಬ್ಬಿಣವನ್ನೂ ಹರಿಬಿಡುತ್ತಾರೆ. ಗಂಧಕದ ಒಂದಷ್ಟು ಪಾಲನ್ನೂ ಸುಣ್ಣ ಹಿಡಿದುಕೊಳ್ಳುತ್ತದೆ. ಗಂಧಕ ಉಳಿದ ಕಬ್ಬಿಣವನ್ನು ಕಾಯಿಸಿ ಬಡಿದರೆ ಬಿರಿಯುತ್ತದೆ. ಆಲೆಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಹದವಾಗಿ ಸುಣ್ಣ ಹಾಕಿದರೆ ಕೊಳೆಯೆಲ್ಲ ಕಟ್ಟಿಕೊಂಡು ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಲ್ಲಿ ಅದನ್ನು ತೆಗೆದೆಸೆಯುತ್ತಾರೆ. ಕುಲುಮೆಯಲ್ಲಿ ನಡೆಯುವುದೂ ಅಂಥದೇ ಕೆಲಸ, ಬಿಸಿ ಮಾತ್ರ ಬಹಳ ಹೆಚ್ಚು.

ಹಾಗೆ ಹೊರಬಂದ ಕಿಟ್ಟ ಮೊದಮೊದಲು ದಿಬ್ಬವಾಗಿ ಬೀಳುವ ಕಸವೇ. ಆದರೆ ಕರಗಿದ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿದರೆ ಹರಳುಹರಳಾದ ಪುಡಿಯಾಗುತ್ತದೆ. ಅದನ್ನು ನುಣ್ಣಗೆ ಅರೆದರೆ ಸಿಮೆಂಟಿಗೆ ಬೆರೆಸಬಹುದು. ಸಿಮೆಂಟಿನ ಬಲವಾದರೂ ಏನು? ಅದೂ ಕ್ಯಾಲ್ಸಿಯಂ ಸಿಲಿಕೇಟೇ. 1938ರಲ್ಲಿ ಭದ್ರಾವತಿಯಲ್ಲಿ ಸಿಮೆಂಟ್ ಘಟಕ ಶುರುವಾಯಿತು. ಗಣಿಯ ಕಲ್ಲು ಹತ್ತಿರ, ಕುಲುಮೆಯ ಕಿಟ್ಟ ಪಕ್ಕದಲ್ಲೇ. ಒಂದು ಕಾರ್ಖಾನೆ ಬಿಸಾಡುವುದನ್ನು ಇನ್ನೊಂದು ಕಾರ್ಖಾನೆ ಉಣ್ಣುವಂತೆ ಊರು ಕಟ್ಟಬೇಕು ಎಂಬ ವಿವೇಕ ಆ ಕಾಲದವರಿಗಿತ್ತು. ನಾನು ಅವರನ್ನು ಮೆಚ್ಚುವುದು ಇದಕ್ಕೆ.

ಇನ್ನು ಕಾಗದನಗರ. ನಮ್ಮವರ ಮಾತಿನಲ್ಲಿ ಪೇಪರ್ ಟೌನ್. ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಯಿತು. ಭದ್ರಾ ನದಿಯ ನೀರು, ಸುತ್ತಲ ಕಾಡಿನ ಬಿದಿರು, ಇವೆರಡನ್ನು ನೋಡಿಯೇ ಜಾಗ ಆರಿಸಿದ್ದು. ಮುಂದೆ 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು, 80ರ ದಶಕದಲ್ಲಿ ಪತ್ರಿಕಾ ಕಾಗದವೂ ಬಂತು, ಸಕ್ಕರೆ ಘಟಕವೂ ಬಂತು. ಸಕ್ಕರೆ ಘಟಕಕ್ಕೆ ಕಬ್ಬಿನ ಹಾಲು ತಿಳಿಗೊಳಿಸಲು ಸುಣ್ಣ ಬೇಕು, ಉಳಿದ ಕಬ್ಬಿನ ಸಿಪ್ಪೆ ಕಾಗದಕ್ಕೆ.

ಬಿದಿರು ಕಾಗದವಾಗುವುದು ಹೇಗೆ ಎಂದು ಎಲ್ಲರೂ ಒಂದಿಷ್ಟು ಬಲ್ಲರು. ಚೂರುಮಾಡಿ, ಕಾಸ್ಟಿಕ್ ಸೋಡ ಇರುವ ದ್ರಾವಣದಲ್ಲಿ ಒತ್ತಡ ಹಾಕಿ ಬೇಯಿಸುತ್ತಾರೆ. ನಾರನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಕರಗಿಹೋಗಿ ನಾರು ಬಿಡಿಯಾಗುತ್ತದೆ. ಉಳಿದ ನೀರು ಕಾಫಿ ಡಿಕಾಕ್ಷನ್ನಿಗಿಂತ ಕಪ್ಪು. ಅದಕ್ಕೆ ಬ್ಲ್ಯಾಕ್ ಲಿಕ್ಕರ್ ಎಂದೇ ಹೆಸರು. ಹೊಳೆಗೆ ಬಿಟ್ಟರೆ ಹೊಳೆಗೂ ಕೇಡು, ಬೆಲೆಬಾಳುವ ಸೋಡವೂ ಹಾಳು. ಅದಕ್ಕೇ ಆ ಕಪ್ಪು ದ್ರಾವಣವನ್ನು ಬತ್ತಿಸಿ, ಬಾಯ್ಲರಿನಲ್ಲಿ ಉರಿಸಿ, ಆವಿಶಕ್ತಿ ಪಡೆದು, ತಳದಲ್ಲಿ ಉಳಿದ ಸೋಡವನ್ನು ನೀರಲ್ಲಿ ಕರಗಿಸುತ್ತಾರೆ. ಆದರೆ ಈಗ ಅದು ಕಾಸ್ಟಿಕ್ ಸೋಡ ಅಲ್ಲ, ಬಟ್ಟೆ ಒಗೆಯುವ ಸೋಡ, ಸೋಡಿಯಂ ಕಾರ್ಬೋನೇಟ್. ಇದರಿಂದ ಬಿದಿರು ಬೇಯುವುದಿಲ್ಲ. ಇಲ್ಲಿ ಸುಣ್ಣ ಬರುತ್ತದೆ. ಸುಣ್ಣ ಹಾಕಿ ಕಲಕಿದರೆ ಕಾರ್ಬೋನೇಟಿನ ಭಾಗವನ್ನು ತಾನು ತೆಗೆದುಕೊಂಡು ಕಾಸ್ಟಿಕ್ ಸೋಡವನ್ನು ಬಿಟ್ಟುಕೊಡುತ್ತದೆ. ಲೆಕ್ಕ ಹೀಗೆ: 56 ಕಿಲೋ ಸುಟ್ಟ ಸುಣ್ಣದಿಂದ 80 ಕಿಲೋ ಕಾಸ್ಟಿಕ್ ಸೋಡ ಮರಳಿ ಸಿಗುತ್ತದೆ, ತಳದಲ್ಲಿ 100 ಕಿಲೋ ಬಿಳಿ ಕೆಸರು ಕೂರುತ್ತದೆ. ಆ ಕೆಸರೇ ಕ್ಯಾಲ್ಸಿಯಂ ಕಾರ್ಬೋನೇಟ್. ಗೂಡಿನಲ್ಲಿ ಸುಟ್ಟ ಕಲ್ಲು ಕಾರ್ಖಾನೆಯೊಳಗೆ ಮತ್ತೆ ಕಲ್ಲಾಯಿತು ಎಂದ ಹಾಗೆ.

ಹಾಗಾದರೆ ಆ ಕೆಸರನ್ನೇ ಮತ್ತೆ ಸುಟ್ಟು ಸುಣ್ಣ ಮಾಡಿಕೊಂಡರೆ ಹೊಸ ಕಲ್ಲೇ ಬೇಡವಲ್ಲ? ಮರದ ತಿರುಳು ಬೇಯಿಸುವ ಸ್ವೀಡನ್, ಕೆನಡಾದ ಕಾರ್ಖಾನೆಗಳು ಮಾಡುವುದು ಅದನ್ನೇ. ನಮ್ಮ ದೇಶದ ಬಿದಿರಿನ ಕಾರ್ಖಾನೆಗಳಿಗೆ ಅದು ಕಷ್ಟವಾಯಿತು. ಕಾರಣ ಬಿದಿರಿನ ಮೈಯಲ್ಲೇ ಇದೆ. ಬಿದಿರು ಹುಲ್ಲಿನ ಜಾತಿ. ಹುಲ್ಲು ನೆಲದಿಂದ ಸಿಲಿಕಾ ಹೀರಿ ಮೈಗೆ ತುಂಬಿಕೊಳ್ಳುತ್ತದೆ. ಬಿದಿರು ಸೀಳುವಾಗ ಕೈ ಕೊಯ್ದುಕೊಂಡವರಿಗೆ ಅದರ ಹರಿತ ಗೊತ್ತು. ಬೇಯಿಸುವಾಗ ಆ ಸಿಲಿಕಾ ಸೋಡದಲ್ಲಿ ಕರಗುತ್ತದೆ. ಸುಣ್ಣ ಹಾಕಿದ ಕೂಡಲೇ ಸುಣ್ಣ ಅದನ್ನು ಹಿಡಿದುಕೊಂಡು ಕೆಸರಿನೊಂದಿಗೆ ಕೂರುತ್ತದೆ. ಕೆಸರು ಬೇಗ ತಿಳಿಯಾಗುವುದಿಲ್ಲ. ಸುಟ್ಟರೆ ಗೂಡಿನಲ್ಲಿ ಉಂಡೆಯಾಗಿ ಅಂಟುತ್ತದೆ. ಸುತ್ತುಸುತ್ತಿಗೂ ಸಿಲಿಕಾ ಹೆಚ್ಚುತ್ತಾ ಹೋಗಿ ಸುಣ್ಣವೇ ನಿಷ್ಪ್ರಯೋಜಕವಾಗುತ್ತದೆ. ಹಾಗಾಗಿ ನಮ್ಮಲ್ಲಿ ಬಹಳ ಕಡೆ ಆ ಬಿಳಿ ಕೆಸರನ್ನು ಹೊರಗೆ ರಾಶಿ ಹಾಕಿ ಪ್ರತಿಸಲವೂ ಹೊಸ ಸುಣ್ಣ ತಂದರು. ಕಬ್ಬಿನ ಸಿಪ್ಪೆಯಲ್ಲೂ ಇದೇ ತೊಡಕು, ಭತ್ತದ ಹುಲ್ಲಿನಲ್ಲಂತೂ ಇನ್ನೂ ಹೆಚ್ಚು.

ಕೇಳುಗರೇ, ಇದನ್ನು ಸ್ವಲ್ಪ ಯೋಚಿಸಿ. ಒಂದೇ ಊರು. ಸುಣ್ಣ ಸಿಲಿಕಾವನ್ನು ಹಿಡಿಯಲಿ ಎಂದೇ ಕಬ್ಬಿಣದ ಕುಲುಮೆಗೆ ಕಲ್ಲು ಸುರಿಯುತ್ತಾರೆ. ಆ ಹಿಡಿತವೇ ಸಿಮೆಂಟಿನಲ್ಲಿ ಬಲ. ಬಿದಿರು ಬೇಯಿಸುವಲ್ಲಿ ಅದೇ ಹಿಡಿತ ದೊಡ್ಡ ತಲೆನೋವು. ಸುಣ್ಣದ ಗುಣ ಬದಲಾಗಲಿಲ್ಲ. ಯಾವ ಕಾರ್ಖಾನೆಯಲ್ಲಿ ಯಾವ ಹಂತದಲ್ಲಿ ಅದು ಸಿಲಿಕಾವನ್ನು ಎದುರುಗೊಂಡಿತು ಎಂಬುದಷ್ಟೇ ವ್ಯತ್ಯಾಸ. ಪಾಠಪುಸ್ತಕದಲ್ಲಿ ಒಂದು ಸಾಲಿನ ಸಮೀಕರಣವಾಗಿ ನಿಂತಿರುವುದನ್ನು ನಮ್ಮ ಮಕ್ಕಳಿಗೆ ಹೀಗೆ ಊರಿನ ಮೂಲಕ ಕಲಿಸಬಹುದಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಬಿಳಿ ಕೆಸರಿನ ಬಗ್ಗೆ ಇನ್ನೊಂದು ಮಾತಿದೆ. ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಅಡಿಕೆ ತೋಟಕ್ಕೆ ಸುಣ್ಣ ಹಾಕಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಅದಕ್ಕೆ. ಕಾಗದ ಕಾರ್ಖಾನೆಯ ಸುಣ್ಣದ ಕೆಸರನ್ನು ಹುಳಿಮಣ್ಣಿಗೆ ಬಳಸಬಹುದು ಎಂದು ಅಸ್ಸಾಂ, ಒಡಿಶಾ ಕಡೆಯ ಪ್ರಯೋಗಗಳು ತೋರಿಸಿವೆ. ಅದರಲ್ಲಿ ಉಳಿದ ಸೋಡದ ಅಂಶವನ್ನು ಪರೀಕ್ಷಿಸಿಯೇ ಹಾಕಬೇಕು, ಕಣ್ಣುಮುಚ್ಚಿ ಸುರಿಯುವ ವಸ್ತುವಲ್ಲ. ಆದರೂ ಇಂಥ ಕೆಸರನ್ನು ಕಸ ಎಂದು ಕರೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ತೋಟದವರು ದುಡ್ಡು ಕೊಟ್ಟು ಸುಣ್ಣ ತರುವ ಸೀಮೆ ಇದು.

ತೋಟದ ಮಾತು ಬಂತು, ಕೊಳೆರೋಗವನ್ನು ಬಿಟ್ಟು ಹೋಗಲಾರೆ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು. ಬೋರ್ಡೋ ದ್ರಾವಣವನ್ನು ಮರ ಹತ್ತಿ ಗೊನೆಗೆ ಸಿಂಪಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಅವರ ಕೆಲಸದಿಂದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಕಮ್ಮಿಯಾದರೆ ತುತ್ತದ ಆಮ್ಲಗುಣ ಕಾಯಿಯನ್ನೇ ಸುಡುತ್ತದೆ. ತೋಟದಲ್ಲಿ ಅದನ್ನು ಪರೀಕ್ಷಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಹೊಳೆಯುವ ಕತ್ತಿಯ ಅಲಗನ್ನು ದ್ರಾವಣಕ್ಕೆ ಅದ್ದಿ ತೆಗೆಯುವುದು, ಅಲಗು ಕೆಂಪಗಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ತಿಳಿ ಇನ್ನಷ್ಟು ಹಾಕಬೇಕು.

ಮತ್ತೆ ಕಾಗದಕ್ಕೆ ಬರೋಣ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಇನ್ನು ಮುಂದಿದೆ.

ಕಾಗದ ಬರೀ ನಾರಲ್ಲ. ನಾರುಗಳ ನಡುವೆ ಸಂದುಗಳಿರುತ್ತವೆ. ಹಾಗೇ ಬಿಟ್ಟರೆ ಈಚೆ ಪುಟದ ಅಕ್ಷರ ಆಚೆ ಪುಟಕ್ಕೆ ಕಾಣುತ್ತದೆ. ಆ ಸಂದು ತುಂಬಲು ನುಣುಪಾದ ಬಿಳಿ ಪುಡಿ ಬೇಕು. ಬಹಳ ಕಾಲ ಬಳಸಿದ್ದು ಚೀನೀ ಜೇಡಿಮಣ್ಣು ಇಲ್ಲವೇ ಬಳಪದ ಕಲ್ಲಿನ ಪುಡಿ. ಭದ್ರಾವತಿಯ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳರ ಶಿಲ್ಪಿಗಳು ಕಡೆದದ್ದು ಇಂಥ ಮೆತ್ತನೆಯ ಬಳಪದ ಕಲ್ಲಿನಲ್ಲಿ. ಆ ಜಾತಿಯ ಕಲ್ಲಿನ ಪುಡಿಯೇ ಏಳು ಶತಮಾನದ ಮೇಲೆ ಕಾಗದದ ನಾರಿನ ನಡುವೆ ಸೇರಿತು. ಕಾರ್ಖಾನೆಗಳ ಹಿತ್ತಿಲಲ್ಲಿ ಬೆಳ್ಳಗಿನ ಕ್ಯಾಲ್ಸಿಯಂ ಕಾರ್ಬೋನೇಟ್ ಸಿಗುತ್ತಿದ್ದರೂ, ಅದಕ್ಕಿಂತ ಶುದ್ಧವಾದದ್ದನ್ನು ಅಗ್ಗವಾಗಿ ಕೊಳ್ಳಬಹುದಾಗಿದ್ದರೂ, ಅದನ್ನು ಕಾಗದಕ್ಕೆ ಹಾಕುವಂತಿರಲಿಲ್ಲ.

ತಡೆದದ್ದು ಆಲಂ ಎಂಬ ಲವಣ. ಬರೆಯುವ ಕಾಗದದಲ್ಲಿ ಶಾಯಿ ಹರಡಬಾರದು. ಅದಕ್ಕಾಗಿ 1807ರಲ್ಲಿ ಜರ್ಮನಿಯ ಮೊರಿಟ್ಜ್ ಇಲಿಗ್ ಎಂಬವರು ಮರದ ರಾಳವನ್ನು ಆಲಂ ಸೇರಿಸಿ ನಾರಿಗೆ ಕಚ್ಚಿಸುವ ವಿಧಾನವನ್ನು ಪ್ರಕಟಿಸಿದರು. ಅಗ್ಗ, ಸುಲಭ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಕಾಗದವೆಲ್ಲ ಬಹುಮಟ್ಟಿಗೆ ಹೀಗೇ ತಯಾರಾಯಿತು. ಆದರೆ ಆಲಂ ಆಮ್ಲಗುಣದ ವಸ್ತು. ಆಮ್ಲ ಇರುವ ತಿರುಳಿಗೆ ಕ್ಯಾಲ್ಸಿಯಂ ಕಾರ್ಬೋನೇಟ್ ಹಾಕಿದರೆ ಬುಸಬುಸ ನೊರೆಯೆದ್ದು ಕರಗಿಹೋಗುತ್ತದೆ, ಯಂತ್ರದ ಮೇಲೆ ಹಾಳೆಯೇ ನಿಲ್ಲುವುದಿಲ್ಲ. ಹಾಗಾಗಿ ಆಲಂ ಉಳಿಯಿತು, ಸುಣ್ಣ ಹೊರಗಾಯಿತು.

ಇದರ ಬೆಲೆ ತೆತ್ತವರು ಓದುಗರು. ಕಾಗದದೊಳಗೆ ಉಳಿದ ಆಮ್ಲ ನಾರಿನ ಸೆಲ್ಯುಲೋಸ್ ಎಳೆಯನ್ನು ವರ್ಷವರ್ಷವೂ ತುಂಡರಿಸುತ್ತದೆ. ಮಲೆನಾಡಿನಂಥ ತೇವವಿರುವ ಊರುಗಳಲ್ಲಿ ಇದು ಇನ್ನೂ ಬೇಗ. ನಿಮ್ಮ ಮನೆಯಲ್ಲಿ 1930ರಿಂದ 60ರವರೆಗಿನ ಕನ್ನಡ ಪುಸ್ತಕವಿದ್ದರೆ ತೆಗೆದು ನೋಡಿ. ಅಂಚು ಕಂದಾಗಿರುತ್ತದೆ, ಮೂಲೆ ಮಡಿಸಿದರೆ ಮುರಿದು ಕೈಗೆ ಬರುತ್ತದೆ. ಹುಳು ತಿಂದದ್ದಲ್ಲ, ಓದಿ ಸವೆದದ್ದೂ ಅಲ್ಲ. ಅಮೆರಿಕದ ವಿಲಿಯಂ ಬ್ಯಾರೋ 1950ರ ದಶಕದಲ್ಲಿ 1900ರಿಂದ 1949ರವರೆಗೆ ಅಚ್ಚಾದ 500 ಪುಸ್ತಕಗಳ ಕಾಗದ ಪರೀಕ್ಷಿಸಿ, ಬಹುಪಾಲು ಪುಸ್ತಕಗಳು ಐವತ್ತು ವರ್ಷ ಕೂಡ ಗಟ್ಟಿಯಾಗಿ ಬಾಳುವುದಿಲ್ಲ ಎಂದು ತೋರಿಸಿದರು. ಅದಕ್ಕಿಂತ ಮೂರು ನಾಲ್ಕು ಶತಮಾನ ಹಳೆಯದಾದ ಬಟ್ಟೆಚಿಂದಿಯ ಕಾಗದಗಳು ಇನ್ನೂ ಮೃದುವಾಗಿವೆ; ಅವುಗಳಲ್ಲಿ ಅನೇಕದರಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ತಾನಾಗಿ ಸೇರಿಕೊಂಡಿತ್ತು. ನಮ್ಮ ಆಧುನಿಕ ಕನ್ನಡ ಸಾಹಿತ್ಯದ ಅತ್ಯುತ್ತಮ ದಶಕಗಳೇ ಆಮ್ಲ ಕಾಗದದ ಮೇಲೆ ಅಚ್ಚಾದವು ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಸ್ಪಷ್ಟನೆ: ದಿನಪತ್ರಿಕೆ ಬಿಸಿಲಿಗೆ ಹಳದಿಯಾಗುವುದು ಬೇರೆ ಕಾರಣಕ್ಕೆ, ಅದರ ತಿರುಳಿನಲ್ಲಿ ಲಿಗ್ನಿನ್ ಉಳಿದಿರುತ್ತದೆ.

ಬದಲಾವಣೆ ಬಂದದ್ದು ಆಲಂ ಬೇಡದ, ಆಮ್ಲವಿಲ್ಲದೆಯೇ ನಾರಿಗೆ ಕಚ್ಚುವ ಹೊಸ ಅಂಟುಗಳಿಂದ. 1950ರ ದಶಕದಲ್ಲಿ ಅವು ಸಿದ್ಧವಾದವು, 80ರ ದಶಕದಿಂದ ಕಾರ್ಖಾನೆಗಳು ಒಂದೊಂದಾಗಿ ಅತ್ತ ತಿರುಗಿದವು. ಈಗ ಸುಣ್ಣಕ್ಕೆ ಬಾಗಿಲು ತೆರೆಯಿತು. ಕಲ್ಲನ್ನೇ ಅರೆದು ಒಂದೆರಡು ಮೈಕ್ರಾನ್ ಗಾತ್ರಕ್ಕೆ ತಂದು ಹಾಕುವುದು ಒಂದು ದಾರಿ. ಕಲ್ಲನ್ನು ಸುಟ್ಟು, ಅರಳಿಸಿ, ಸುಣ್ಣದ ಹಾಲಿನೊಳಗೆ ಚಿಮಣಿಯ ಇಂಗಾಲದ ಡೈಆಕ್ಸೈಡನ್ನೇ ಹಾಯಿಸಿ ಕಾರ್ಬೋನೇಟನ್ನು ಹೊಸದಾಗಿ ಇಳಿಸುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಕಣದ ಆಕಾರ ನಮ್ಮ ಕೈಯಲ್ಲಿರುತ್ತದೆ: ಬೆಳಕನ್ನು ಹೆಚ್ಚು ಚದುರಿಸುವಂತೆ, ಹಾಳೆ ದಪ್ಪ ಕಾಣುವಂತೆ ಕಣ ಬೆಳೆಸಬಹುದು. ಇವತ್ತು ಝೆರಾಕ್ಸ್ ಅಂಗಡಿಯ ಕಾಗದದ ತೂಕದಲ್ಲಿ ಒಂದು ದೊಡ್ಡ ಪಾಲು ಈ ಬಿಳಿ ಪುಡಿ. ನಾರಿಗಿಂತ ಅಗ್ಗ ಎಂದೇ ಕಾರ್ಖಾನೆಗಳು ಇದನ್ನು ಅಪ್ಪಿಕೊಂಡದ್ದು, ಗ್ರಂಥಾಲಯಗಳ ಮೇಲಿನ ಕರುಣೆಯಿಂದಲ್ಲ. ಇರಲಿ, ಫಲ ಒಳ್ಳೆಯದೇ. ಪುಡಿ ಹೆಚ್ಚಿದಷ್ಟು ಬಿದಿರು, ನೀಲಗಿರಿ, ಅಕೇಶಿಯಾ ಕಮ್ಮಿ ಸಾಕು. ಹೊರಗಿನಿಂದ ಆಮ್ಲ ಬಂದರೆ ಅದನ್ನು ನುಂಗಲು ಕಾಗದದೊಳಗೇ ಸುಣ್ಣ ಕಾದಿರುತ್ತದೆ. ಶಾಶ್ವತ ಕಾಗದಕ್ಕೆ ಇರುವ ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಮಾನದಂಡ ಕೇಳುವುದೂ ಇದನ್ನೇ: ಕನಿಷ್ಠ ಶೇಕಡ 2ರಷ್ಟು ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮನಾದ ಕ್ಷಾರದ ದಾಸ್ತಾನು ಹಾಳೆಯಲ್ಲಿರಬೇಕು.

ಈ ಪುಡಿ ಇನ್ನೂ ಎಲ್ಲೆಲ್ಲಿದೆ ಎಂದರೆ ತೋಟಕ್ಕೆ ಹಾಕುವ ಪಿವಿಸಿ ಪೈಪಿನಲ್ಲಿದೆ, ಗೋಡೆಯ ಪೇಂಟಿನಲ್ಲಿ, ಟೂತ್‌ಪೇಸ್ಟಿನಲ್ಲಿ, ಎದೆಯುರಿಗೆ ನುಂಗುವ ಮಾತ್ರೆಯಲ್ಲಿದೆ. ಸಾಮಾನ್ಯ ಗಾಜು ಮಾಡಲು ಮರಳು, ಸೋಡದ ಜೊತೆ ಸುಣ್ಣಕಲ್ಲು ಬೇಕೇ ಬೇಕು. ಅಲ್ಲೂ ಮತ್ತೆ ಸುಣ್ಣ, ಸಿಲಿಕಾ.

ಮತ್ತೆ ಭದ್ರಾವತಿಗೆ ಬರೋಣ. 2015-16ರ ಹೊತ್ತಿಗೆ ಕಾಗದನಗರದ ಯಂತ್ರಗಳು ನಿಂತವು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿ, ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲೇ ದಿನ ದೂಡಿತು. ಕೆಲಸ ಕಳೆದುಕೊಂಡ ಮನೆಗಳ ನೋವು ಇಲ್ಲಿಯ ಕೇಳುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಕಾರ್ಖಾನೆಗಳು ಮತ್ತೆ ನಡೆಯಬೇಕು ಎಂಬ ಕೂಗಿನಲ್ಲಿ ನನ್ನ ದನಿಯೂ ಇದೆ. ಕಾಗದದ ಯಂತ್ರ ಎಂದಾದರೂ ತಿರುಗುವುದಾದರೆ ಅದು ಆಮ್ಲವಿಲ್ಲದ ಕಾಗದವಾಗಿಯೇ ಹೊರಬರಲಿ, ಸುಣ್ಣದ ಕೆಸರಿಗೆ ಮೊದಲ ದಿನವೇ ಒಂದು ದಾರಿ ಗೊತ್ತುಮಾಡಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸಗಳಿವೆ. ಪುಸ್ತಕ ಅಚ್ಚು ಹಾಕಿಸುವವರು ಮುದ್ರಕರನ್ನು ಕೇಳಿ, ಕಾಗದ ಆಮ್ಲರಹಿತವೇ ಎಂದು. ಹಳೆಯ ಪುಸ್ತಕವಿರುವವರು ಅದನ್ನು ಅಟ್ಟದ ಮೇಲೆ, ಒಲೆಯ ಹೊಗೆ ಅಥವಾ ಹೆಂಚಿನ ಶಾಖ ತಾಗುವಲ್ಲಿ ಇಡಬೇಡಿ. ಹರಿದ ಹಾಳೆಗೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಳಗಿನ ಆಮ್ಲ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಹಾಳೆಯನ್ನು ಸುಣ್ಣದ ತಿಳಿನೀರಿನಲ್ಲಿ, ಆಮೇಲೆ ಕ್ಯಾಲ್ಸಿಯಂ ಬೈಕಾರ್ಬೋನೇಟ್ ನೀರಿನಲ್ಲಿ ಅದ್ದಿ ಆಮ್ಲ ಕಳೆಯುವ ವಿಧಾನವನ್ನು ಬ್ಯಾರೋ ಅವರೇ ರೂಪಿಸಿದ್ದರು, ಕೊನೆಯಲ್ಲಿ ನಾರಿನ ನಡುವೆ ಕ್ಯಾಲ್ಸಿಯಂ ಕಾರ್ಬೋನೇಟ್ ಕೂರುತ್ತದೆ. ಆದರೆ ಕೆಲವು ಶಾಯಿಗಳು ನೀರಿಗೆ ಕದಡುತ್ತವೆ, ಹಾಳೆ ಮೆತ್ತಗಾಗಿ ಹರಿಯುತ್ತದೆ. ಅದು ತರಬೇತಿ ಪಡೆದವರ ಕೈಯ ಕೆಲಸ, ಮನೆಯಲ್ಲಿ ಪ್ರಯೋಗ ಬೇಡ. ನೀವು ಮಾಡಬೇಕಾದದ್ದು ಇಷ್ಟು: ಪುಟಗಳನ್ನು ಬಗ್ಗಿಸದೆ ಒಂದೊಂದಾಗಿ ಫೋಟೊ ತೆಗೆದಿಟ್ಟುಕೊಳ್ಳಿ, ಪುಸ್ತಕವನ್ನು ಒಣಗಿದ ತಂಪು ಜಾಗದಲ್ಲಿ ಮಲಗಿಸಿಡಿ, ಅಪರೂಪದ್ದಾದರೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತಿಳಿಸಿ. ನಮ್ಮವರಿಗೆ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲೇ ಇದೆ.